ತೊಟ್ಟಿಲಿಗೆ ಸೀರೆಯ ಬಣ್ಣ

ಬಣ್ಣ ಹಚ್ಚಿದ ಕಟ್ಟಿಗೆಯ ಸಾಮಾನು ಎಲ್ಲಿ ಕಂಡರೂ ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡು ಒಮ್ಮೆ ಉಜ್ಜಿ ನೋಡುವ ಚಟ ನನಗಿದೆ. ನೋಡಿದವರಿಗೆ ಇದು ಹೇಸಿಗೆಯಾಗಿ ಕಾಣುತ್ತದೆಂದು ಗೊತ್ತು. ಎಷ್ಟೋ ಸಲ ಕೈಯನ್ನು ಸೆರಗಿನೊಳಗೆ ಬಿಗಿಯಾಗಿ ಇಟ್ಟುಕೊಂಡು ಕುಳಿತಿದ್ದೇನೆ. ಆದರೂ ಮಾತಿನ ನಡುವೆ ಅದು ಹೊರಗೆ ಬಂದು ಕುರ್ಚಿಯ ಕಾಲನ್ನೋ ಕಪಾಟಿನ ಬಾಗಿಲನ್ನೋ ಹುಡುಕುತ್ತದೆ. ಬೇರೆಯವರ ಚಟಗಳಿಗೆ ಒಂದು ಮರ್ಯಾದೆ ಇದೆ. ಎಲೆ ಅಡಿಕೆ ಹಾಕುವವರ ಮುಂದೆ ಜನ ತಾವೇ ತಟ್ಟೆ ಸರಿಸುತ್ತಾರೆ. ನಶ್ಯ ಏರಿಸುವವರಿಗೆ ಸೀನಲು ಜಾಗ ಬಿಡುತ್ತಾರೆ. ನನ್ನ ಚಟಕ್ಕೆ ಹೆಸರೇ ಇಲ್ಲ. ಮಗಳನ್ನು ಜಮಖಂಡಿಗೆ ಕೊಟ್ಟ ಹೊಸದರಲ್ಲಿ ಬೀಗರ ಮನೆಗೆ ಹೋಗಿದ್ದೆ. ಅವರ ಹೊಸ ಹಸಿರು ಕುರ್ಚಿಯ ಕೈಯ ಕೆಳಗೆ ಮೆಲ್ಲಗೆ ಉಜ್ಜಿದ್ದನ್ನು ಬೀಗತಿ ನೋಡಿಬಿಟ್ಟರು. ನಾನು ಧೂಳು ಪರೀಕ್ಷೆ ಮಾಡುತ್ತಿದ್ದೇನೆಂದು ಅವರು ತಿಳಿದರು. ಅಂದಿನಿಂದ ನಾನು ಹೋಗುವ ಸುದ್ದಿ ಬಂದರೆ ಸಾಕು, ಆ ಮನೆಯಲ್ಲಿ ಮೊದಲು ಕುರ್ಚಿಗಳಿಗೆ ಸ್ನಾನವಾಗುತ್ತಿತ್ತಂತೆ. ಮಗಳು ಬಂದು ಅತ್ತಳು. ಕಾರಣ ಹೇಳಬೇಕೆಂದರೆ ತೊಟ್ಟಿಲ ಕತೆ ಹೇಳಬೇಕಾಗುತ್ತಿತ್ತು. ನಾನು ಹೇಳಲಿಲ್ಲ. ಧೂಳಿನ ಬೀಗತಿ ಎಂಬ ಹೆಸರನ್ನೇ ಹೊತ್ತುಕೊಂಡೆ.

ಬಾಯಿಯಿಂದ ಹೇಳುವುದು ನನಗೆ ಎಂದೂ ಬರಲಿಲ್ಲ, ಮೊಮ್ಮಕ್ಕಳೇ. ಬೀಳಗಿ ಕಡೆಯ ನಮ್ಮ ಹಳ್ಳಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತೆ. ಪಾಠ ಬರುತ್ತಿತ್ತು, ಎದ್ದುನಿಂತು ಒಪ್ಪಿಸಲು ಬರುತ್ತಿರಲಿಲ್ಲ. ಮಾಸ್ತರರು ನನ್ನ ಪಾಟಿಯನ್ನು ನೋಡಿ ಪಾಸು ಮಾಡುತ್ತಿದ್ದರು. ಆ ಮೇಲೆ ಬನಹಟ್ಟಿಗೆ ಸೊಸೆಯಾಗಿ ಬಂದೆ. ಮನೆಯಲ್ಲಿ ಇದ್ದವರು ಮೂವರೇ: ನನ್ನ ಅತ್ತೆ, ನಿಮ್ಮ ಅಜ್ಜ, ನಾನು. ಮಾತಿನ ಕೆಲಸವನ್ನೆಲ್ಲ ಅತ್ತೆ ಒಬ್ಬರೇ ನಿಭಾಯಿಸುತ್ತಿದ್ದುದರಿಂದ ನನಗೆ ತೊಂದರೆಯಾಗಲಿಲ್ಲ. ಗಂಡನ ಹೆಸರನ್ನಂತೂ ನಾನು ಹೇಳುವ ಹಾಗಿರಲಿಲ್ಲ. ಅತ್ತೆ ಮಗನನ್ನು ‘ತಮ್ಮಾ’ ಎಂದು ಕರೆಯುತ್ತಿದ್ದರು. ಆಗಷ್ಟೇ ಸಂಸ್ಥಾನ ಹೋಗಿ ನಮ್ಮ ಊರು ಮುಂಬೈ ರಾಜ್ಯಕ್ಕೆ ಸೇರಿತ್ತು. ರೇಷನ್ ಕಾರ್ಡಿಗೆ ಹೆಸರು ಬರೆದುಕೊಳ್ಳಲು ಒಬ್ಬ ಕಾರಕೂನ ಬಂದ. ನಾನು ಬಾಗಿಲ ಹಿಂದೆ ಮೂಕಿಯಾಗಿ ನಿಂತೆ. ಒಳಗಿನಿಂದ ಅತ್ತೆ “ತಮ್ಮಾ, ಯಾರೋ ಬಂದಾರ ನೋಡ” ಎಂದು ಕೂಗಿದ್ದು ಕೇಳಿಸಿ ಅವನು ‘ತಮ್ಮಾ’ ಎಂದೇ ಬರೆದುಕೊಂಡು ಹೋದ. ಬಹಳ ಕಾಲ ನಿಮ್ಮ ಅಜ್ಜ ಸರಕಾರದ ಸಕ್ಕರೆಯನ್ನು ಆ ಹೆಸರಿನ ಮೇಲೆಯೇ ತಂದರು.

ಅವರು ನೇಕಾರರು. ಆಗ ನಮ್ಮ ಓಣಿಯಲ್ಲಿ ಮನೆಮನೆಗೂ ತಗ್ಗಿನ ಮಗ್ಗ. ನೆಲದಲ್ಲಿ ತೋಡಿದ ತಗ್ಗಿನೊಳಗೆ ಕಾಲು ಇಳಿಬಿಟ್ಟು ಕುಳಿತು ಸೀರೆ ನೇಯುತ್ತಿದ್ದರು. ನೂಲಿಗೂ ಮನೆಯಲ್ಲೇ ಬಣ್ಣ ಕಟ್ಟುತ್ತಿದ್ದರು. ಹೀಗಾಗಿ ಯಾರ ಮನೆಯಲ್ಲಿ ಯಾವ ಸೀರೆ ನಡೆದಿದೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಆ ಮನೆಯ ಗಂಡಸಿನ ಕೈ ನೋಡಿದರೆ ತಿಳಿಯುತ್ತಿತ್ತು. ಕೆಂಪು ಕೈಯವರು ಒಂದು ತಿಂಗಳು ಬಿಟ್ಟು ಹಸಿರು ಕೈಯವರಾಗುತ್ತಿದ್ದರು. ಮದುವೆಯ ಪಂಕ್ತಿಯಲ್ಲಿ ನಮ್ಮ ಓಣಿಯ ಗಂಡಸರು ಸಾಲಾಗಿ ಕುಳಿತು ಹುಗ್ಗಿ ಉಣ್ಣುವುದನ್ನು ನೋಡಿದರೆ ಬಣ್ಣದ ಅಂಗಡಿ ನೆನಪಾಗುತ್ತಿತ್ತು.

ಮೊದಲ ಬಾಣಂತನ ಮುಗಿಸಿ ತವರಿನಿಂದ ಮರಳುವಾಗ ನಮ್ಮಪ್ಪ ಬಂಡಿಯ ಮೇಲೆ ಒಂದು ತೊಟ್ಟಿಲು ಹೇರಿಸಿ ಕಳಿಸಿದ. ಬೇವಿನ ಕಟ್ಟಿಗೆಯದು. ನಾಲ್ಕು ಕಡೆ ಪಟ್ಟಿ, ನಡುವೆ ಕಡೆದ ಕಂಬಗಳು, ಮೇಲೆ ಎರಡು ಗಿಳಿ. ಬರುವ ದಾರಿಯಲ್ಲಿ ಬಂಡಿ ಕುಲುಕಿ ಒಂದು ಗಿಳಿಯ ಕೊಕ್ಕು ಮುರಿದಿತ್ತು. ಅದನ್ನು ನೋಡಿದ ಕೂಡಲೇ ಅತ್ತೆ, “ಬೀಗರು ಕಾಗಿ ಕಳಸ್ಯಾರೇನ?” ಎಂದರು. ಆದರೂ ಅದನ್ನು ಮಗ್ಗದ ಕೋಣೆಯ ತೊಲೆಗೆ, ಮಗನ ಕಣ್ಣೆದುರಿಗೆ ಬರುವಂತೆ ಕಟ್ಟಿಸಿದವರೂ ಅವರೇ. ಅದರೊಳಗೆ ನನ್ನ ಮೊದಲ ಮಗಳು ಗೌರವ್ವ ಮಲಗಿದಳು.

ಗೌರವ್ವನಿಗೆ ಜೋಗುಳ ಬೇಕಿರಲಿಲ್ಲ, ಮಗ್ಗದ ಸಪ್ಪಳ ಬೇಕಿತ್ತು. ಲಾಳಿ ಓಡುತ್ತಿರುವಷ್ಟು ಹೊತ್ತು ನಿದ್ದೆ. ಮಗ್ಗ ನಿಂತಿತೋ, ಕಣ್ಣು ಬಿಟ್ಟಳು. ನೂಲು ಹರಿದರೆ ಕಟ್ಟುವುದರೊಳಗೆ ಅಳು ಶುರುವಾಗುತ್ತಿತ್ತು. ನಿಮ್ಮ ಅಜ್ಜ ಊಟಕ್ಕೆ ಏಳಬೇಕೆಂದರೆ ನಾನು ಮಗ್ಗದ ಪಕ್ಕ ಕುಳಿತು ಹಲಗೆಯನ್ನು ಟಕ ಟಕ ಬಡಿಯಬೇಕಾಗುತ್ತಿತ್ತು. ಒಮ್ಮೆ ಮಗ್ಗದ ಹಾಸಿನ ನೂಲು ಪೂರಾ ಮುಗಿದು, ಹೊಸದು ಏರಿಸುವುದಿತ್ತು. ಕೂಸು ಮಲಗಿದೆಯೆಂದು ಈ ಮಹಾರಾಯರು ನೂಲೇ ಇಲ್ಲದ ಮಗ್ಗವನ್ನು ಮಧ್ಯಾಹ್ನವೆಲ್ಲ ತುಳಿಯುತ್ತ ಕುಳಿತರು. ಪಕ್ಕದ ಮನೆಯ ಗಂಗವ್ವ ಇಣುಕಿ ನೋಡಿ, “ಏನ ನೇಯಾಕತ್ತೀಯೋ ತಮ್ಮಾ? ಗಾಳೀನ?” ಎಂದು ಕೇಳಿದಳು. “ನಿದ್ದಿ ನೇಯಾಕತ್ತೇನಿ, ಚಿಗವ್ವ. ಮೆಲ್ಲಕ ಮಾತಾಡ” ಎಂದರು.

ಅವಳಿಗೆ ಹಲ್ಲು ಬಂದವು. ಕೆಳಗೆ ಎರಡು, ಅಕ್ಕಿಕಾಳಿನಂಥವು. ಎದ್ದು ಕುಳಿತು, ತೊಟ್ಟಿಲ ಮೇಲಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಅಪ್ಪ ನೇಯುವುದನ್ನು ನೋಡುತ್ತ ಆ ಪಟ್ಟಿಯನ್ನು ಕಚ್ಚುತ್ತಿದ್ದಳು. ಕಚ್ಚಿ ಕಚ್ಚಿ ಅಲ್ಲಿ ಸಣ್ಣ ಗುರುತುಗಳಾದವು. ಆ ಬೇಸಿಗೆಯಲ್ಲಿ ಅವಳ ಮೈ ಕಾಯಿತು. ಇಳಿಯಲಿಲ್ಲ. ಕೊನೆಗೆ ತುಟಿ ನೀಲಿಯಾದವು. ಇದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಮನೆ ತುಂಬ ಹಿರಿಯರು ಬಂದು ಕುಳಿತಿದ್ದರು. ನನಗೆ ಅವರ ಮುಂದೆ ದನಿ ತೆಗೆದು ಅಳಲು ನಾಚಿಕೆಯಾಯಿತು. ಈಗ ಕೇಳಿದರೆ ನಿಮಗೆ ಹುಚ್ಚೆನಿಸಬಹುದು. ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಯಲ್ಲಿ ಕುಳಿತಿದ್ದೆ. ಬಂದ ಹೆಂಗಸರು, ಬಹಳ ಗಟ್ಟಿ ಸೊಸೆ ಎಂದು ಅತ್ತೆಯ ಮುಂದೆ ಹೊಗಳಿ ಹೋದರು. ತೊಟ್ಟಿಲನ್ನು ಬಿಚ್ಚಿ, ಹಗ್ಗವನ್ನು ಅದಕ್ಕೇ ಸುತ್ತಿ, ಅಟ್ಟಕ್ಕೆ ಏರಿಸಿದರು. ಮಗ್ಗ ಮತ್ತೆ ಶುರುವಾಯಿತು. ಆದರೆ ಬಹಳ ದಿನ, ಲಾಳಿ ನಿಂತ ಕೂಡಲೇ ನಾವು ಮೂವರೂ ತಲೆಯೆತ್ತಿ ಬರಿದಾದ ತೊಲೆಯ ಕಡೆಗೆ ನೋಡುತ್ತಿದ್ದೆವು. ಆಮೇಲೆ ಒಬ್ಬರ ಮುಖವನ್ನೊಬ್ಬರು ನೋಡದೆ ಕೆಲಸಕ್ಕೆ ಹತ್ತುತ್ತಿದ್ದೆವು.

ಮುಂದೆ ನಿಮ್ಮಪ್ಪ ಹೊಟ್ಟೆಯಲ್ಲಿ ಬಂದ. ತೊಟ್ಟಿಲ ಮಾತು ಎದ್ದಿತು. ತವರಿನವರು ಕೊಡುವುದು ಮೊದಲ ಕೂಸಿಗೆ ಒಂದು ತೊಟ್ಟಿಲು. ಮತ್ತೊಂದು ಕೇಳುವ ರೂಢಿ ಇಲ್ಲ. ಕೇಳಬೇಕೆಂದರೂ ಅಷ್ಟರಲ್ಲಿ ಅಪ್ಪನೂ ತೀರಿಕೊಂಡಿದ್ದ. ಗಂಗವ್ವನ ಮನೆಯ ತೊಟ್ಟಿಲಲ್ಲಿ ಬೆಳೆದ ಮಕ್ಕಳೆಲ್ಲ ಗುಂಡುಕಲ್ಲಿನಂತೆ ಉಳಿದಿದ್ದರಿಂದ ಅದಕ್ಕೆ ಊರಿನಲ್ಲಿ ಬಹಳ ಬೇಡಿಕೆ. ಅತ್ತೆ ಅದನ್ನು ಕೇಳಿದರು. ಆದರೆ ಗಂಗವ್ವನ ಮಗಳೂ ಬಸುರಿಯಾಗಿ ತವರಿಗೆ ಬಂದಿದ್ದಳು.

“ಎಕ್ಕಾ, ಒಂದು ತೊಟ್ಟಲದಾಗ ಎರಡು ಕೂಸ ಹಾಕಾಕ ಬರ್ತೈತೇನ? ಅವೇನು ಸೌತಿಕಾಯಿ?” ಎಂದಳು ಗಂಗವ್ವ.

ಅತ್ತೆ ಎರಡು ದಿನ ಯಾರ ಜೊತೆಗೂ ಮಾತಾಡದೆ ಯೋಚಿಸಿದರು. ಅಷ್ಟು ಹೊತ್ತು ಅವರು ಸುಮ್ಮನಿದ್ದುದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಒಂದು ಕೂಸು ಹೋಗಿ ಮತ್ತೊಂದು ಹುಟ್ಟಿದರೆ, ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಬೇರೊಬ್ಬರಿಂದ ಎತ್ತಿಸಿ, ನುಚ್ಚು ಕೊಟ್ಟು ಅವರಿಂದ ಕೊಂಡುಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಬೇಡಾಗಿ ಬಿಸಾಡಿದ ಕೂಸೆಂದು ತಿಳಿದು ಸಾವು ಅದರ ಗೊಡವೆಗೆ ಬರುವುದಿಲ್ಲವಂತೆ. ಊರಲ್ಲಿ ಇಷ್ಟೊಂದು ತಿಪ್ಪಣ್ಣರೂ ತಿಪ್ಪವ್ವರೂ ಇರುವುದು ಹೀಗೆ. ಅತ್ತೆ ಈ ಪದ್ಧತಿಗೆ ತಮ್ಮದೊಂದು ತಿದ್ದುಪಡಿ ಮಾಡಿದರು.

“ಎಳೀ ಕೂಸಿನ್ನ ತಿಪ್ಪಿ ಮ್ಯಾಲ ಹಾಕೂದು ಬ್ಯಾಡ. ಇರುವಿ ಕಡೀತಾವು. ಕೂಸಿನ ಬದಲಿ ತೊಟ್ಟಲಾನ ಹಾಕೂಣು. ಅದಕ್ಕೂ ಮೊದಲ, ತಮ್ಮಾ, ನೀ ಅದನ್ನ ಹೆರದು ತಿಕ್ಕಿ ಬ್ಯಾರೇ ಬಣ್ಣ ಹಚ್ಚು. ಅದರ ಗುರುತs ಸಿಗಬಾರದು. ಯಾರಿಗೂ ಸಿಗಬಾರದು.”

ನಿಮ್ಮ ಅಜ್ಜ ಹೂಂ ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಹೂಂ ಎನ್ನುತ್ತಿದ್ದೆ. ಹೊಟ್ಟೆಯಲ್ಲಿರುವ ಕೂಸು ಉಳಿಯಬೇಕು. ಅದಕ್ಕಾಗಿ ಏನು ಮಾಡಿದರೂ ಸರಿ. ಆದರೆ ಆ ಪಟ್ಟಿಯ ಮೇಲಿನ ಹಲ್ಲಿನ ಗುರುತು ಬಿಟ್ಟರೆ, ಗೌರವ್ವ ಈ ಮನೆಯಲ್ಲಿದ್ದಳೆಂದು ಹೇಳಲು ಇನ್ನೇನೂ ಉಳಿದಿರಲಿಲ್ಲ. ಅಂಗಿ ಕುಂಚಿಗೆಗಳೆಲ್ಲ ಅವಳ ಹಿಂದೆಯೇ ಹೋಗಿದ್ದವು. ಫೋಟೋ ತೆಗೆಸುವಷ್ಟು ದೊಡ್ಡ ಮನುಷ್ಯರು ನಾವಾಗಿರಲಿಲ್ಲ. ಒಂದು ಕೂಸನ್ನು ಉಳಿಸಿಕೊಳ್ಳಲು ಮತ್ತೊಂದನ್ನು ಅಳಿಸಬೇಕು. ಇದನ್ನು ನಾನು ಯಾರ ಮುಂದೆ ಹೇಳಲಿ?

ತೊಟ್ಟಿಲು ಕೆಳಗಿಳಿಯಿತು. ಹಳೆಯ ಅರಗು ಬಣ್ಣವನ್ನು ಒಡೆದ ಗಾಜಿನ ಚೂರಿನಿಂದ ಹೆರೆಯುವುದು. ನೇಕಾರರ ಕೈ ಬಡಿಗರ ಕೈಯಲ್ಲ. ನಿಮ್ಮ ಅಜ್ಜ ಎರಡು ಕಂಬ ಹೆರೆಯುವುದರೊಳಗೆ ಮೂರು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ಗಿಳಿಗಳನ್ನು ತಿಕ್ಕಿ ತಿಕ್ಕಿ ಎರಡಕ್ಕೂ ಕೊಕ್ಕು ಇಲ್ಲದಂತೆ ಮಾಡಿದರು. ಹೀಗೆ ಜೋಡಿ ಸರಿಹೋಯಿತು. ನಾನು ಸ್ವಲ್ಪ ದೂರದಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತ ಕುಳಿತಿದ್ದೆ. ಅವರು ಮೂರು ಕಡೆ ಮುಗಿಸಿ ನಾಲ್ಕನೆಯ ಪಟ್ಟಿಗೆ ಬಂದರು. ಕೈ ನಿಂತಿತು.

ತಲೆಯೆತ್ತದೆ, “ಇಲ್ಲಿ ಇಲಿ ಕಡದಾವೇನ?” ಎಂದು ಕೇಳಿದರು.

ನನ್ನ ಕೈಯಲ್ಲಿ ನೂಲು ಹರಿಯಿತು. “ಹೂಂ ರೀ. ಇಲಿ” ಎಂದೆ.

“ಅಟ್ಟದ ಮ್ಯಾಲ ಇಲಿ ಭಾಳ ಆಗ್ಯಾವು.”

“ಹೂಂ ರೀ.”

ಅವರು ಹೆರೆದರು. ಉಳಿದ ಕಡೆ ಮೇಲೆ ಮೇಲೆ ಹೆರೆದವರು ಅಲ್ಲಿ ಮಾತ್ರ ಬಿಡದೆ ಹೆರೆದರು. ಗುರುತು ಹೋಗಿ, ಬೇವಿನ ಒಳಗಿನ ಹಸಿ ಕಟ್ಟಿಗೆ ಕಂಡಿತು. ಆದರೂ ಬಿಡಲಿಲ್ಲ. ಕಡೆಗೆ ಅಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗು ಬಿದ್ದಿತು. ಆಮೇಲೆ ಎದ್ದು ಹೋಗಿ ಹಿತ್ತಲಲ್ಲಿ ಬಹಳ ಹೊತ್ತು ಮುಖ ತೊಳೆದರು. ಗಾಜಿನ ಪುಡಿ ಕಣ್ಣಿಗೆ ಬಿದ್ದಿರಬೇಕೆಂದು ಅತ್ತೆ ಹೇಳಿದರು.

ಇನ್ನು ಬಣ್ಣ. ಇಡೀ ಓಣಿ ಸಲಹೆ ಕೊಡಲು ಬಂದಿತು. ತಮಾಷೆ ಎಂದರೆ ಪ್ರತಿಯೊಬ್ಬರೂ ತಮ್ಮ ಮಗ್ಗದ ಮೇಲೆ ಆಗ ಇದ್ದ ಬಣ್ಣವನ್ನೇ ಹೇಳಿದರು. ಕೆಂಪು ಕೈಯವರು ಕೆಂಪೇ ಶುಭ ಎಂದರು. ಹಸಿರು ಕೈಯವರು ಹಸಿರು ಕಣ್ಣಿಗೆ ತಂಪು ಎಂದರು. ನಮ್ಮ ಮನೆಯಲ್ಲಿ ಆಗ ಕಡುನೀಲಿ ಸೀರೆ ನಡೆದಿತ್ತು. ಪಕ್ಕದ ರಬಕವಿಯ ಅಂಗಡಿಯಲ್ಲಿ ಎಣ್ಣೆಬಣ್ಣದ ಡಬ್ಬಿ ಸಿಗುತ್ತಿತ್ತು. ಆದರೆ ಅದರ ವಾಸನೆ ಕೂಸಿಗೆ ಆಗುವುದಿಲ್ಲ ಎಂದು ನಿಮ್ಮ ಅಜ್ಜ ಬೇಡವೆಂದರು. ನಿಜವಾದ ಕಾರಣ ಬೇರೆ. ನೂಲಿನ ಬಣ್ಣದಲ್ಲಿ ತನ್ನನ್ನು ಮೀರಿಸುವವರು ಊರಲ್ಲಿಲ್ಲ ಎಂದು ಅವರಿಗೆ ಒಳಗೊಳಗೇ ಹೆಮ್ಮೆ ಇತ್ತು. ಸೀರೆಗೆ ಹಿಡಿಯುವ ಬಣ್ಣ ಕಟ್ಟಿಗೆಗೆ ಹಿಡಿಯುವುದಿಲ್ಲವೇ?

“ನೂಲಾದ್ರ ಬಣ್ಣದ ನೀರಾಗ ಕುದಸ್ತೀದಿ. ತೊಟ್ಟಲಾ ಹೆಂಗ ಕುದಸ್ತೀಯೋ?” ಎಂದಳು ಗಂಗವ್ವ.

“ಕುದಿಯೂ ನೀರ ಅದರ ಮ್ಯಾಲ ಸುರಿತೇನಿ.”

ಸುರಿದರು. ಅಂಗಳ ನೀಲಿಯಾಯಿತು. ಅಂಗಳದಲ್ಲಿ ಕಟ್ಟಿದ್ದ ಬಿಳಿ ಆಡಿನ ನಾಲ್ಕೂ ಕಾಲು ಮೊಣಕಾಲಿನವರೆಗೆ ನೀಲಿಯಾದವು. ಅದು ಚಡ್ಡಿ ಕಳೆದುಕೊಂಡು ಬರೀ ಕಾಲುಚೀಲ ಉಳಿಸಿಕೊಂಡ ಫೌಜದಾರನಂತೆ ಓಣಿ ತುಂಬ ಅಡ್ಡಾಡಿತು. ತೊಟ್ಟಿಲು ಮಾತ್ರ ನಿಜವಾಗಿಯೂ ಚೆಂದ ಕಂಡಿತು. ಒಣಗಿದ ಮೇಲೆ ಅಗಸಿ ಎಣ್ಣೆ ಹಚ್ಚಿ ತಿಕ್ಕಿದರು. ಅತ್ತೆ ಒದ್ದೆ ಬಟ್ಟೆಯಿಂದ ಒರೆಸಿ ನೋಡಿದರು. ಬಟ್ಟೆಗೆ ಏನೂ ಹತ್ತಲಿಲ್ಲ. “ಬಣ್ಣ ಕೂತೈತಿ” ಎಂದು ತೀರ್ಪು ಕೊಟ್ಟರು. ಅವರು ಒರೆಸಿದ್ದು ಮೂರು ಪಟ್ಟಿಗಳನ್ನು. ಆ ನಾಲ್ಕನೆಯದರ ಹತ್ತಿರ ನಮ್ಮ ಮೂವರಲ್ಲಿ ಯಾರ ಕೈಯೂ ಹೋಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅದನ್ನು ತಿಪ್ಪೆಯ ಮೇಲೆ ಇಟ್ಟೆವು. ಮೊದಲೇ ಮಾತಾದಂತೆ ಗಂಗವ್ವ ಬಂದು, ಏನೂ ತಿಳಿಯದವಳಂತೆ, “ಅಯ್ಯ, ಯಾರೋ ತೊಟ್ಟಲಾ ಒಗದಾರಲ್ಲ!” ಎಂದು ಎತ್ತಿಕೊಂಡಳು. ಇಲ್ಲಿಯವರೆಗೆ ಸರಿಯಾಗಿತ್ತು. ಅತ್ತೆ ಒಂದು ಬುಟ್ಟಿ ಜೋಳದ ನುಚ್ಚು ಹಿಡಿದು ಬಾಗಿಲಲ್ಲಿ ನಿಂತು, ಕೊಡುತ್ತೀಯಾ ಎಂದು ಕೇಳಿದರು. ಕೊಟ್ಟುಬಿಡುವುದು ಗಂಗವ್ವನ ಕೆಲಸ. ಆದರೆ ಬನಹಟ್ಟಿಯ ಹೆಂಗಸಿಗೆ ಒಮ್ಮೆ ವ್ಯಾಪಾರ ಎಂದರೆ ಅದು ವ್ಯಾಪಾರವೇ.

“ಇಷ್ಟs ನುಚ್ಚಿಗೆ ಇಂಥಾ ತೊಟ್ಟಲಾ ಕೊಡಾಕ ನನಗ ಹುಚ್ಚ ಹಿಡದೈತೇನ?” ಎಂದಳು.

“ಗಂಗೀ, ಸುಮ್ಮ ಕೊಡಬೇ!”

“ಬಣ್ಣ ನೋಡೆಕ್ಕಾ, ಬಣ್ಣ! ತಿಪ್ಪಿ ಮ್ಯಾಲ ಸಿಕ್ಕದ್ದು ನಂದು. ಇನ್ನೊಂದ ಬುಟ್ಟಿ ತಾ.”

“ನಿನ್ನ ಬಾಯಾಗ ಮಣ್ಣ ಹಾಕ್ಲಿ. ತೊಟ್ಟಲಾ ನಮ್ಮದs ಅಲ್ಲೇನ?”

“ಹಂಗ ಅನಬ್ಯಾಡ! ನಮ್ಮದು ಅಂದ್ರ ಮಾಡಿದ್ದೆಲ್ಲಾ ಹಾಳಾಕ್ಕೈತಿ!” ಎಂದು ಗಂಗವ್ವ ಹೆದರಿಸಿದಳು. ಅತ್ತೆ ಗಪ್ಪನೆ ಬಾಯಿ ಮುಚ್ಚಿಕೊಂಡು ಇನ್ನೊಂದು ಬುಟ್ಟಿ ತಂದರು. ಓಣಿಯೆಲ್ಲ ನಕ್ಕಿತು. ನಾನೂ ಸೆರಗಿನೊಳಗೆ ನಕ್ಕೆ. ಗೌರವ್ವ ಹೋದ ಮೇಲೆ ನಕ್ಕದ್ದು ಅದೇ ಮೊದಲು. ನಕ್ಕ ಕೂಡಲೇ, ನಾನು ಏನು ಮಾಡಿದೆ ಎಂದು ಹೆದರಿ ಒಳಗೆ ಹೋದೆ.

ನಿಮ್ಮಪ್ಪ ಹುಟ್ಟಿದ. ತೊಟ್ಟಿಲಲ್ಲಿ ಅವನನ್ನು ಬಿಟ್ಟು ಒಂದು ಗಳಿಗೆಯೂ ಆಚೆ ಹೋಗುತ್ತಿರಲಿಲ್ಲ. ಮಲಗಿಸುವುದು, ಎತ್ತಿಕೊಳ್ಳುವುದು, ಮತ್ತೆ ಮಲಗಿಸುವುದು, ಉಸಿರು ನೋಡುವುದು. ಈ ಹುಡುಗನಿಗೆ ಮಗ್ಗದ ಸಪ್ಪಳ ಆಗುತ್ತಿರಲಿಲ್ಲ. ಮಗ್ಗ ನಿಂತಾಗ ಮಲಗುವವನು, ಶುರುವಾದರೆ ಏಳುವವನು. “ಇಂವ ನೇಕಾರ ಆಗೂದಿಲ್ಲ” ಎಂದು ಅತ್ತೆ ಹೇಳಿದ್ದು ಖರೆಯಾಯಿತು. ಅವನು ನೌಕರಿಗೆ ಹೋದದ್ದು ನಿಮಗೆ ಗೊತ್ತೇ ಇದೆ. ಚಳಿಗಾಲ ಕಳೆಯಿತು. ಎದ್ದು ಕೂರುವುದನ್ನು ಕಲಿತ. ನನಗೆ ಸ್ವಲ್ಪ ಧೈರ್ಯ ಬಂತು. ಒಂದು ಮುಂಜಾನೆ ಅವನನ್ನು ತೊಟ್ಟಿಲಲ್ಲಿ ಕೂರಿಸಿ, ರೊಟ್ಟಿ ಬಡಿಯಲು ಹೋದೆ. ಕೊನೆಯ ರೊಟ್ಟಿ ತೆಗೆದು ಬಂದು ನೋಡುತ್ತೇನೆ, ಕೂಸಿನ ತುಟಿ ನೀಲಿಯಾಗಿದ್ದವು.

ನಾನು ಕೂಗಿದ್ದು ನನಗೆ ಕೇಳಿಸಲಿಲ್ಲ. ಓಣಿಯ ಆ ತುದಿಯವರೆಗೆ ಕೇಳಿಸಿತ್ತಂತೆ. ನಿಮ್ಮ ಅಜ್ಜ ಮಗ್ಗದ ತಗ್ಗಿನಿಂದ ಹೇಗೆ ಮೇಲೆ ಬಂದರೋ, ಹಾಸಿನ ನೂಲನ್ನು ಅರ್ಧ ಹರಿದುಕೊಂಡೇ ಬಂದರು. ಕೂಸನ್ನು ಎತ್ತಿಕೊಂಡು ಓಡಿದರು. ಹಿಂದೆ ನಾನು, ನನ್ನ ಹಿಂದೆ ಗಂಗವ್ವ, ಅವಳ ಹಿಂದೆ ಹಿಟ್ಟಿನ ಕೈಯ, ಬಣ್ಣದ ಕೈಯ ಅರ್ಧ ಓಣಿ. ರಬಕವಿಯ ದವಾಖಾನೆಯವರೆಗೆ ಹಾಗೆಯೇ ಓಡಿದೆವು. ದಾರಿಯಲ್ಲಿ ಎದುರಾದವರು ಎಲ್ಲೋ ಬೆಂಕಿ ಬಿದ್ದಿದೆ ಎಂದು ತಿಳಿದು ಕೊಡ ಹಿಡಿದುಕೊಂಡು ನಮ್ಮ ಜೊತೆ ಸೇರಿದರು. ಇಷ್ಟೆಲ್ಲ ಗದ್ದಲದಲ್ಲಿ ಒಬ್ಬರೇ ಸಂತೋಷವಾಗಿದ್ದವರು ಎಂದರೆ ನಿಮ್ಮಪ್ಪ. ಅಪ್ಪನ ಹೆಗಲ ಮೇಲೆ ಕುಲುಕುತ್ತ, ಹಿಂದೆ ಬರುವ ಜಾತ್ರೆಯನ್ನು ನೋಡಿ ನಗುತ್ತಿದ್ದ. ಅವನ ನಾಲಿಗೆಯೂ ನೀಲಿಯಾಗಿರುವುದನ್ನು ನೋಡಿ ದಾರಿಯಲ್ಲೇ ನಿಂತುಬಿಟ್ಟೆ. ಗಂಗವ್ವ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಡಾಕ್ಟರರು ಕೂಸಿನ ಎದೆಗೆ ನಳಿಗೆ ಹಚ್ಚಿ ಕೇಳಿದರು. ಕಣ್ಣು ನೋಡಿದರು. ಆಮೇಲೆ ಒದ್ದೆ ಹತ್ತಿಯಿಂದ ತುಟಿ ಒರೆಸಿ, ಆ ಹತ್ತಿಯನ್ನು ಬೆಳಕಿಗೆ ಹಿಡಿದರು. ಹತ್ತಿ ನೀಲಿಯಾಗಿತ್ತು. ತುಟಿ ಕೆಂಪಾಗಿದ್ದವು.

“ಏನ ತಿಂದದ ಕೂಸು? ಶಾಯಿ ಕುಡದದೇನು?” ಎಂದು ಕೇಳಿದರು. ಅವರ ಕಣ್ಣು ನಿಮ್ಮ ಅಜ್ಜನ ಕೈಯ ಮೇಲೆ ಬಿದ್ದಿತು. ಮೊಣಕೈಯವರೆಗೆ ಅದೇ ಬಣ್ಣ. “ಏನ್ರೀ ಯಜಮಾನ್ರ, ಕೂಸಿಗೂ ಸೀರಿ ಬಣ್ಣ ಕಟ್ಟೀರೇನು?”

ನಿಮ್ಮ ಅಜ್ಜ ತೊಟ್ಟಿಲ ಸಂಗತಿ ಹೇಳಿದರು. ಎಲ್ಲ ಕಡೆ ಕೂತ ಬಣ್ಣ ಆ ಹಸಿ ತಗ್ಗಿನಲ್ಲಿ ಕೂತಿರಲಿಲ್ಲ, ಕಟ್ಟಿಗೆ ಅದನ್ನು ಕುಡಿದು ಕುಡಿದು ತುಂಬಿಕೊಂಡಿತ್ತು. ನಿಮ್ಮಪ್ಪ ಅದನ್ನೇ ಹುಡುಕಿ ಚೀಪಿದ್ದ. ಡಾಕ್ಟರರು ನಕ್ಕರು. ಕೊಡ ಹಿಡಿದು ಬಂದವರು ನಕ್ಕರು. ಹೊರಗೆ ನಿಂತವರಿಗೆ ಸುದ್ದಿ ಮುಟ್ಟಿ ಅವರೂ ನಕ್ಕರು. ನಾನು ನೆಲದ ಮೇಲೆ ಕುಳಿತು ಅಳತೊಡಗಿದೆ. ಸೆರಗು ಬಾಯಿಗೆ ಹೋಗಲಿಲ್ಲ. ಅಷ್ಟು ಜನ ಗಂಡಸರ ಮುಂದೆ, ತಲೆಯ ಮೇಲಿನ ಸೆರಗೂ ಜಾರಿ, ದನಿ ತೆಗೆದು ಅತ್ತುಬಿಟ್ಟೆ. ನಿಲ್ಲಿಸಬೇಕೆಂದರೂ ಆಗಲಿಲ್ಲ.

“ಕೂಸು ಆರಾಮ ಅದ ತಾಯಿ. ಯಾಕ ಅಳತೀರಿ?” ಎಂದರು ಡಾಕ್ಟರರು.

“ಅಳ್ಲಿ ಬಿಡ್ರಿ ಸಾಹೇಬ್ರ. ಅಕಿ ಈ ಕೂಸಿಗೆ ಅಳಾಕತ್ತಿಲ್ಲ” ಎಂದು ಗಂಗವ್ವ ನನ್ನ ಪಕ್ಕದಲ್ಲಿ ಕುಳಿತಳು.

ನಗುತ್ತಿದ್ದವರು ಒಬ್ಬೊಬ್ಬರಾಗಿ ಹೊರಗೆ ಹೋದರು.

ಮರಳುವಾಗ ಗಂಡ ಹೆಂಡತಿ ನಾವಿಬ್ಬರೂ ಹಿಂದೆ ಉಳಿದೆವು. ನಿಮ್ಮ ಅಜ್ಜ ಮಗನನ್ನು ಹೊತ್ತಿದ್ದರು. ಅವನು ಹೆಗಲ ಮೇಲೆ ಮಲಗಿಬಿಟ್ಟಿದ್ದ. ಬಹಳ ದೂರ ಬಂದ ಮೇಲೆ ಅವರು, “ಇಲಿ ಅಂದೆಲ್ಲ ನೀ” ಎಂದರು.

“ನೀವs ಅಂದ್ರಿ.”

“ನಾ ಕೇಳಿದ್ನಿ. ನೀ ಹೂಂ ಅಂದಿ.” ಮಗನನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡರು. “ಮಗ್ಗದಾಗ ಕೂತು ಕಣ್ಣೆತ್ತಿದ್ರ ಅದs ಪಟ್ಟಿ ಎದರಿಗೆ ಬರ್ತೈತಿ. ಅಕಿ ಹಲ್ಲು ಕಾಣಬಾರದು ಅಂತ ಹೆರದ್ನಿ. ಹೆರದ ಮ್ಯಾಲ ದಿನಾ ಅದನ್ನs ಹುಡಕಾಕತ್ತೇನಿ.”

ಮಗನ ಕೈ ಅವರ ಬೆನ್ನ ಹಿಂದೆ ಜೋತುಬಿದ್ದಿತ್ತು. ಅದನ್ನು ಹಿಡಿದುಕೊಂಡು ನಡೆದೆ.

ಮನೆಗೆ ಬಂದರೆ ಅತ್ತೆ ತೊಟ್ಟಿಲನ್ನು ಬಿಚ್ಚಿ ಅಂಗಳದಲ್ಲಿ ಕೆಡವಿ, ಕೊಡಲಿ ಹಿಡಿದು ನಿಂತಿದ್ದರು. ಕೂಸು ಆರಾಮವಾಗಿದೆ ಎಂದು ಕೇಳಿ ಅವರ ಮುಖಕ್ಕೆ ಜೀವ ಬಂತು, ಕೊಡಲಿ ಮಾತ್ರ ಕೆಳಗಿಳಿಯಲಿಲ್ಲ. “ಇದನ್ನ ಒಡದು ಒಲಿಗೆ ಹಾಕಿಬಿಡತೇನಿ. ಎಷ್ಟ ಮಾಡಿದ್ರೂ ಇದರ ಗುಣ ಹೋಗೂದಿಲ್ಲ” ಎಂದರು.

“ಬ್ಯಾಡ್ರಿ ಅತ್ತಿ” ಎಂದೆ. ಅವರು ತಿರುಗಿ ನೋಡಿದರು. “ಗೌರವ್ವಂದು ಅಂತ ಇರೂದು ಅದೊಂದs ಐತಿ. ಸುಡಬ್ಯಾಡ್ರಿ. ನನ್ನ ಮಗನ್ನ ನಾ ಅದರಾಗs ಬೆಳಸತೇನಿ.”

ಮನೆಗೆ ಬಂದಂದಿನಿಂದ ನಾನು ಅವರ ಮುಂದೆ ಅಷ್ಟು ಉದ್ದ ಮಾತಾಡಿರಲಿಲ್ಲ. ಅವರು ಮಗನ ಕಡೆಗೆ ತಿರುಗಿ, “ತಮ್ಮಾ, ಈಕಿಗಿ ಮಾತ ಬರ್ತಾವು?” ಎಂದು ಕೇಳಿದರು. ಆಮೇಲೆ ಕೊಡಲಿಯನ್ನು ಗೋಡೆಗೆ ಒರಗಿಸಿ ಒಳಗೆ ಹೋದರು. ತಮ್ಮ ಹಳೆಯ ಸೀರೆಯ ಅಂಚು ಹರಿದು ತಂದು, ಆ ನಾಲ್ಕನೆಯ ಪಟ್ಟಿಗೆ ಬಿಗಿಯಾಗಿ ಸುತ್ತಿ ತಾವೇ ಹೊಲಿದರು. ಹೊಲಿಯುವ ಮೊದಲು ಆ ತಗ್ಗನ್ನು ಒಮ್ಮೆ ಬೆರಳಿನಿಂದ ಸವರಿದ್ದನ್ನು ನಾನು ನೋಡಿದೆ. ನೋಡಿದ್ದು ಅವರಿಗೆ ತಿಳಿಯದಂತೆ ರೊಟ್ಟಿ ಮುಚ್ಚಿಡಲು ಹೋದೆ. ನನ್ನ ಉಳಿದ ಮಕ್ಕಳೂ ಆ ಬಟ್ಟೆಯನ್ನು ಕಚ್ಚುತ್ತಲೇ ಬೆಳೆದರು. ಹರಿದಾಗೆಲ್ಲ ಹೊಸದು ಸುತ್ತುತ್ತ ಬಂದೆವು. ನಿಮ್ಮ ಅಜ್ಜ ಇರುವವರೆಗೆ ಬಟ್ಟೆ ಬದಲಿಸುವ ದಿನ ಅವರೂ ಮಗ್ಗ ನಿಲ್ಲಿಸಿ ಬಂದು ಕೂರುತ್ತಿದ್ದರು.

ಆ ತೊಟ್ಟಿಲು ಈಗ ಪಕ್ಕದ ಕೋಣೆಯಲ್ಲಿದೆ. ನಿಮ್ಮಲ್ಲಿ ದೊಡ್ಡವನ ಹೆಂಡತಿಗೆ ದಿನ ತುಂಬಿವೆ. ಕೂಸಿಗಾಗಿ ಕೋಣೆ ಸಿದ್ಧ ಮಾಡುತ್ತಿದ್ದಾಳೆ. ಹೋದ ವಾರ ಆ ಹುಡುಗಿ ಬಟ್ಟೆ ಬಿಚ್ಚಿ ನೋಡಿ, “ಅಜ್ಜಿ, ಎಷ್ಟ ಚಂದ ಐತ್ರಿ! ಉಳದ ಕಡೆ ಬಣ್ಣೆಲ್ಲಾ ಮಾಸೈತಿ, ಇಲ್ಲೊಂದs ಕಡೆ ತಗ್ಗು ಬಿದ್ದು ನೀಲಿ ಉಳದೈತಿ. ಬಡಿಗ್ಯಾರನ್ನ ಕರಸಿ, ಮಶಿನ್ ಹಚ್ಚಿ ಸಪಾಟ ಮಾಡಿಸಿ ಪಾಲಿಶ್ ಹೊಡಸ್ಲೇನ್ರಿ?” ಎಂದು ಕೇಳಿದಳು. ನಾನು ಹೂಂ ಎಂದೆ. ಕೊಡಲಿ ಹಿಡಿದ ಅತ್ತೆಗೆ ಬೇಡವೆನ್ನುವುದು ಸುಲಭವಿತ್ತು. ಪ್ರೀತಿಯಿಂದ ಮೊಣಕಾಲ ಹತ್ತಿರ ಕುಳಿತು ಕೇಳುವವರಿಗೆ ಹೇಗೆ ಬೇಡವೆನ್ನುವುದೋ ನನಗೆ ಈ ವಯಸ್ಸಿನಲ್ಲಿಯೂ ತಿಳಿದಿಲ್ಲ. ಆ ಒಂದು ಮಾತು ಬಾಯಿಗೆ ಬಾರದೆ ಇಷ್ಟು ಹಾಳೆ ಬರೆದೆ. ಬರೆದದ್ದನ್ನು ಅವಳಿಗೆ ಕೊಡಲೂ ನಾಚಿಕೆಯಾಗಿ ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದೆ.

ಬಡಿಗ ಇವತ್ತು ಬಂದಿದ್ದಾನೆ. ಮಶೀನು ಗುಂಯ್‌ಗುಡುತ್ತಿದೆ. ನಾನು ಆ ಹಾಳೆಗಳನ್ನು ತಂದು, ಕುರ್ಚಿ ಎಳೆದುಕೊಂಡು ತೊಟ್ಟಿಲ ಪಕ್ಕದಲ್ಲೇ ಕುಳಿತಿದ್ದೇನೆ. ಎಡಗೈಯ ಹೆಬ್ಬೆರಳು ಆ ತಗ್ಗಿನಲ್ಲಿದೆ, ಬಲಗೈಯಲ್ಲಿ ಇದನ್ನು ಮುಗಿಸುತ್ತಿದ್ದೇನೆ. “ಅಮ್ಮಾರ, ಸ್ವಲ್ಪ ಕೈ ತಗೀರಿ” ಎಂದು ಅವನು ಆಗಲೇ ಎರಡು ಸಲ ಹೇಳಿದ. ನನಗೆ ಕಿವಿ ಕೇಳಿಸುವುದಿಲ್ಲ ಎಂದು ಅವನಿಗೆ ಅನಿಸಿರಬೇಕು. ಹಾಗೆಯೇ ಅನಿಸಲಿ. ಉಳಿದ ಮೂರು ಪಟ್ಟಿಗಳಿಗೆ ಬೇಕಾದಷ್ಟು ಪಾಲಿಶ್ ಹೊಡೆದುಕೊಳ್ಳಲಿ.